ಪೊಟ್ಟಣದ ಮೇಲಿನ ಐದು ಕೋಟಿಯನ್ನು ಎಣಿಸುವುದು ಹೇಗೆ?

(ತೊಗರಿ ಬೆಳೆಗಾರರು ಮತ್ತು ಕೃಷಿ ಡಿಪ್ಲೊಮಾ ವಿದ್ಯಾರ್ಥಿಗಳು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ತೊಗರಿ ಬೀಜಕ್ಕೆ ಹಚ್ಚುವ ರೈಜೋಬಿಯಂ ಪೊಟ್ಟಣ. ರೈಜೋಬಿಯಂ ಅಂದರೆ ಬೇರಿನಲ್ಲಿ ಗಂಟು ಕಟ್ಟಿಸಿ, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ. 200 ಗ್ರಾಂನದು. ಒಳಗಿರುವ ಕಪ್ಪು ಪುಡಿ ಲಿಗ್ನೈಟ್, ಅಂದರೆ ಒಂದು ಬಗೆಯ ಕಲ್ಲಿದ್ದಲು. ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ಇದನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತುವುದು ನಿಮಗೆ ಗೊತ್ತೇ ಇದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ ನೋಡಿ. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳು ಇರಬೇಕು ಅನ್ನುವ ಸಾಲು. ಇದು ತಯಾರಕರು ಚೆಂದಕ್ಕೆ ಹಾಕಿದ ಸಂಖ್ಯೆಯಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಜೈವಿಕ ಗೊಬ್ಬರಗಳನ್ನೂ ಸೇರಿಸಿದರು. ಪುಡಿಯಾದರೆ ಗ್ರಾಂಗೆ 5 ಕೋಟಿ, ದ್ರವವಾದರೆ ಮಿಲೀಗೆ 10 ಕೋಟಿ ಅಂತ ಲೆಕ್ಕ ಬಂದದ್ದು ಅಲ್ಲಿಂದ.

ಇಷ್ಟೊಂದು ಯಾಕೆ ಬೇಕು? ಒಂದು ಸಣ್ಣ ಲೆಕ್ಕ ಮಾಡೋಣ. ನೂರು ತೊಗರಿ ಕಾಳು ಸುಮಾರು 10 ಗ್ರಾಂ ತೂಗುತ್ತದೆ. ಎಕರೆಗೆ 5 ಕೆಜಿ ಬೀಜ ಅಂದುಕೊಳ್ಳಿ. ಅಲ್ಲಿಗೆ 50 ಸಾವಿರ ಕಾಳು. ಇನ್ನು 200 ಗ್ರಾಂ ಪುಡಿ, ಗ್ರಾಂಗೆ 5 ಕೋಟಿ ಅಂದರೆ ಒಟ್ಟು ಸಾವಿರ ಕೋಟಿ ಬ್ಯಾಕ್ಟೀರಿಯಾ. ಹಂಚಿದರೆ ಒಂದು ಕಾಳಿಗೆ 2 ಲಕ್ಷ. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಒಣಗಿಸುವಾಗ ಒಂದಿಷ್ಟು ಸಾಯುತ್ತವೆ, ಬಿಸಿ ಮಣ್ಣಿಗೆ ಬಿದ್ದು ಇನ್ನಷ್ಟು ಸಾಯುತ್ತವೆ. ಮೊದಲೇ ಮಣ್ಣಲ್ಲಿರುವ ಬೇರೆ ರೈಜೋಬಿಯಂಗಳು ಜಾಗ ಬಿಟ್ಟುಕೊಡುವುದಿಲ್ಲ. ಅದೆಲ್ಲ ದಾಟಿ ಬೇರಿನ ಹತ್ತಿರ ಸೇರುವುದು ಸ್ವಲ್ಪವೇ.

ಈಗ ಇದೇ ಪೊಟ್ಟಣ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಕೂತು, ಗ್ರಾಂಗೆ 5 ಕೋಟಿ ಇದ್ದದ್ದು 10 ಸಾವಿರಕ್ಕೆ ಇಳಿದಿದೆ ಅಂದುಕೊಳ್ಳಿ. ಕಾಳಿಗೆ ಸಿಗುವುದು 40. ಪುಡಿ ಮಾತ್ರ ಅಷ್ಟೇ ಕಪ್ಪು, ಅಷ್ಟೇ ವಾಸನೆ, ಅಷ್ಟೇ ತೂಕ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಯಾರಾದರೂ ಎಣಿಸಲೇಬೇಕು. ನನ್ನ ಇವತ್ತಿನ ಮಾತೆಲ್ಲ ಆ ಎಣಿಕೆಯ ಮೇಲೆ.

ಮೈಕ್ರೋಸ್ಕೋಪಿನಲ್ಲಿ ನೋಡಿ ಎಣಿಸಬಹುದಲ್ವಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಎಣಿಸಬಹುದು. ಆದರೆ ಲಿಗ್ನೈಟ್ ಪುಡಿಯ ನಡುವೆ ಬ್ಯಾಕ್ಟೀರಿಯಾ ಯಾವುದು, ಪುಡಿಯ ಚೂರು ಯಾವುದು ಅಂತ ಹೇಳುವುದು ಕಷ್ಟ. ಹೇಳಿದರೂ ಅದು ಬದುಕಿದೆಯೋ ಸತ್ತಿದೆಯೋ ಸುಮ್ನೆ ನೋಡಿದರೆ ತಿಳಿಯುವುದಿಲ್ಲ. ರೈತರಿಗೆ ಸತ್ತ ರೈಜೋಬಿಯಂ ಕಟ್ಟಿಕೊಂಡು ಏನಾಗಬೇಕು? ಅದಕ್ಕೇ ನಾವು ಬದುಕಿರುವುದನ್ನು ಬೆಳೆಸಿ ಎಣಿಸುತ್ತೇವೆ. ಊಟ ಬೆರೆಸಿದ ಅಗಾರ್ ಅನ್ನುವ ಗಟ್ಟಿ ಲೋಳೆಯನ್ನು ತುಂಬಿದ ಪ್ಲೇಟಿನ ಮೇಲೆ ಒಂದು ಬ್ಯಾಕ್ಟೀರಿಯಾ ಕೂತರೆ ಅದು ಎರಡಾಗಿ, ನಾಲ್ಕಾಗಿ, ಕೆಲವು ದಿನಕ್ಕೆ ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಅದೇ ಕಾಲೊನಿ. ಚುಕ್ಕೆ ಎಣಿಸಿದರೆ ಬ್ಯಾಕ್ಟೀರಿಯಾ ಎಣಿಸಿದ ಹಾಗೆ.

ಅಗಾರ್ ಬಂದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಜರ್ಮನಿಯಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಮೊದಲು ಜೆಲಟಿನ್ ಬಳಸುತ್ತಿದ್ದರು. ಸ್ವಲ್ಪ ಸೆಕೆಯಾದರೆ ಅದು ಕರಗಿ ನೀರಾಗುತ್ತಿತ್ತು. ಅವರ ಲ್ಯಾಬಿನಲ್ಲಿದ್ದ ವಾಲ್ಟರ್ ಹೆಸ್ ಅವರ ಹೆಂಡತಿ ಫ್ಯಾನಿ ಹೆಸ್ ಅಡುಗೆಮನೆಯ ಅನುಭವದಿಂದ ಅಗಾರ್ ಬಳಸಿ ನೋಡಿ ಅಂದರು. ಇದು 1880ರ ದಶಕದ ಶುರುವಿನ ಮಾತು. ಅಗಾರ್ ಕರಗಲು ಸುಮಾರು 85 ಡಿಗ್ರಿ ಬೇಕು. ಒಮ್ಮೆ ಗಟ್ಟಿಯಾದರೆ ಕಲಬುರಗಿಯ ಮೇ ತಿಂಗಳಿಗೂ ಜಗ್ಗುವುದಿಲ್ಲ. ಜೆಲಟಿನ್ ಅನ್ನೇ ನಂಬಿಕೊಂಡಿದ್ದರೆ ನಮ್ಮ ಕಡೆ ಈ ಕೆಲಸವೇ ಸಾಧ್ಯವಿರಲಿಲ್ಲ.

ಸರಿ, ಪ್ಲೇಟಿದೆ. ಒಂದು ಗ್ರಾಂ ಪುಡಿಯನ್ನು ನೇರವಾಗಿ ಪ್ಲೇಟಿಗೆ ಹಾಕಿದರೆ? ಐದು ಕೋಟಿ ಚುಕ್ಕೆ ಒಂದರ ಮೇಲೊಂದು ಬೆಳೆದು ಇಡೀ ಪ್ಲೇಟು ಒಂದೇ ಲೋಳೆಯ ಹಾಸಾಗುತ್ತದೆ. ಎಣಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ತೆಳು ಮಾಡಬೇಕು. ಎಷ್ಟು? ಲಕ್ಷದಲ್ಲೊಂದು ಪಾಲು, ಹತ್ತು ಲಕ್ಷದಲ್ಲೊಂದು ಪಾಲು. ಒಂದೇ ಏಟಿಗೆ ಹತ್ತು ಲಕ್ಷ ಪಾಲು ತೆಳು ಮಾಡಬೇಕೆಂದರೆ 1 ಮಿಲೀಗೆ ಸಾವಿರ ಲೀಟರ್ ನೀರು ಬೇಕು. ಮನೆಯ ಮೇಲೆ ಕೂರಿಸುವ ದೊಡ್ಡ ಟ್ಯಾಂಕ್ ತುಂಬ! ಅಷ್ಟನ್ನೂ ಕ್ರಿಮಿಯಿಲ್ಲದಂತೆ ಕುದಿಸಬೇಕು, ಸಮನಾಗಿ ಕಲಕಬೇಕು. ಆಗದ ಮಾತು.

ಸೀರಿಯಲ್ ಡೈಲ್ಯೂಷನ್, ಅಂದರೆ ಹಂತ ಹಂತವಾಗಿ ತೆಳು ಮಾಡುವ ಉಪಾಯ ಇಲ್ಲಿದೆ. ಆರು ಕೊಳವೆ ಸಾಲಾಗಿ ಇಡಿ. ಪ್ರತಿಯೊಂದರಲ್ಲೂ 9 ಮಿಲೀ ಕ್ರಿಮಿಯಿಲ್ಲದ ದ್ರವ. ಮೊದಲನೆಯದಕ್ಕೆ 1 ಮಿಲೀ ಮಾದರಿ ಹಾಕಿ ಕಲಕಿ. ಹತ್ತರಲ್ಲೊಂದಾಯಿತು. ಅದರಿಂದ 1 ಮಿಲೀ ಎರಡನೆಯದಕ್ಕೆ. ನೂರರಲ್ಲೊಂದು. ಹೀಗೇ ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ. ಸಾವಿರ ಲೀಟರ್ ಕೇಳುತ್ತಿದ್ದ ಕೆಲಸ 54 ಮಿಲೀನಲ್ಲಿ ಮುಗಿಯಿತು. ಗಣಿತ ಇಷ್ಟೇ. ಆದರೆ ಲ್ಯಾಬಿನಲ್ಲಿ ಕೂತು ಮಾಡುವವರಿಗೆ ಗೊತ್ತು, ಕಷ್ಟ ಇರುವುದು ಗಣಿತದಲ್ಲಲ್ಲ.

ಮೊದಲು ಆ ದ್ರವದ ವಿಷಯ. ಬರೀ ಡಿಸ್ಟಿಲ್ಡ್ ವಾಟರ್ ಆಗಬಹುದಲ್ವಾ ಅನ್ನಿಸುತ್ತದೆ. ಆದರೆ ಉಪ್ಪೇ ಇಲ್ಲದ ನೀರಿಗೆ ಬಿದ್ದ ಕೋಶದೊಳಗೆ ನೀರು ನುಗ್ಗುತ್ತದೆ, ನಿತ್ರಾಣವಾಗಿದ್ದವು ಸಾಯುತ್ತವೆ. ಎಣಿಸಲು ಹೋಗಿ ಕೊಂದ ಹಾಗಾಗುತ್ತದೆ. ಅದಕ್ಕೇ ಶೇ 0.85ರ ಉಪ್ಪು ನೀರನ್ನೋ, ಶೇ 0.1ರ ಪೆಪ್ಟೋನ್ (ಅರೆಜೀರ್ಣವಾದ ಪ್ರೋಟೀನ್) ನೀರನ್ನೋ ಬಳಸುತ್ತೇವೆ. ಇನ್ನೊಂದು ಸಣ್ಣ ಸಂಗತಿ. 9 ಮಿಲೀ ಅಳೆದು ಆಟೋಕ್ಲೇವಿಗೆ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆಗೆ, ಇಟ್ಟರೆ ಹೊರಬರುವಾಗ ಕೆಲವು ಕೊಳವೆಯಲ್ಲಿ 9 ಮಿಲೀ ಇರುವುದಿಲ್ಲ. ಆವಿಯಾಗಿ ಸ್ವಲ್ಪ ಹೋಗಿರುತ್ತದೆ. ದ್ರವವನ್ನು ಮೊದಲು ಕ್ರಿಮಿರಹಿತ ಮಾಡಿ, ಆಮೇಲೆ ಅಳೆದು ತುಂಬುವುದು ಒಳ್ಳೆಯದು.

ಇನ್ನು ಕಲಕುವುದು. ನಮ್ಮ ಮಾದರಿ ಪುಡಿ. 10 ಗ್ರಾಂ ತೂಗಿ 90 ಮಿಲೀ ದ್ರವಕ್ಕೆ ಹಾಕುತ್ತೇವೆ. ಬ್ಯಾಕ್ಟೀರಿಯಾಗಳು ಲಿಗ್ನೈಟ್ ಚೂರಿಗೆ ಅಂಟಿಕೊಂಡು ಕೂತಿರುತ್ತವೆ. ಶೇಕರಿನಲ್ಲಿ ಚೆನ್ನಾಗಿ ಅಲುಗಾಡಿಸದಿದ್ದರೆ ಅವು ಬಿಡುವುದಿಲ್ಲ. ಅಲುಗಾಡಿಸಿದ ಮೇಲೆ ಪಿಪೆಟ್ (ದ್ರವ ಅಳೆದು ಎಳೆಯುವ ನಳಿಕೆ) ಹುಡುಕುತ್ತಾ ಎರಡು ನಿಮಿಷ ಬಿಟ್ಟಿರೋ, ಭಾರದ ಚೂರುಗಳು ಬ್ಯಾಕ್ಟೀರಿಯಾವನ್ನೂ ಹೊತ್ತುಕೊಂಡು ತಳಕ್ಕೆ ಇಳಿದಿರುತ್ತವೆ. ಮದುವೆ ಪಂಕ್ತಿಯಲ್ಲಿ ಸಾರನ್ನು ಕಲಕದೆ ಬಡಿಸಿದರೆ ಮೊದಲು ಕೂತವರಿಗೆ ತಿಳಿ, ಕೊನೆಯವರಿಗೆ ಬರೀ ಬೇಳೆ. ಇಲ್ಲೂ ಅದೇ ಕಥೆ. ಕಲಕಿದ ಕೂಡಲೇ, ದ್ರವ ಇನ್ನೂ ಸುತ್ತುತ್ತಿರುವಾಗಲೇ, ನಡುಮಟ್ಟದಿಂದ 1 ಮಿಲೀ ತೆಗೆಯಬೇಕು.

ಆಮೇಲೆ ಪಿಪೆಟ್. ಪ್ರತಿ ಹೆಜ್ಜೆಗೂ ಹೊಸ ಪಿಪೆಟ್, ಇಲ್ಲವೇ ಹೊಸ ತುದಿ. ಇಲ್ಲಿ ಉಳಿತಾಯ ಮಾಡಬೇಡಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಮೊದಲ ಕೊಳವೆಯಿಂದ ಎರಡನೆಯದಕ್ಕೆ 1 ಮಿಲೀ ಹಾಕಿದಿರಿ. ಪಿಪೆಟ್ಟಿನ ಒಳಗೋಡೆಗೆ 0.05 ಮಿಲೀ ಅಂಟಿಕೊಂಡು ಉಳಿಯಿತು. ಒಂದು ಹನಿ ಅಷ್ಟೇ. ಅದೇ ಪಿಪೆಟ್ಟಿನಲ್ಲಿ ಎರಡನೆಯ ಕೊಳವೆಯಿಂದ ಎಳೆದು ಮೂರನೆಯದಕ್ಕೆ ಹಾಕಿದಿರಿ. ಮೊದಲ ಕೊಳವೆ ಎರಡನೆಯದಕ್ಕಿಂತ ಹತ್ತು ಪಟ್ಟು ದಟ್ಟ. ಹಾಗಾಗಿ ಆ 0.05 ಮಿಲೀ, ಎರಡನೆಯ ಕೊಳವೆಯ 0.5 ಮಿಲೀಗೆ ಸಮ. ಒಂದು ಹನಿ ಸೇರಿದ್ದಕ್ಕೆ ಸುಮಾರು ಅರ್ಧ ಪಾಲು ಜಾಸ್ತಿ! ಮುಂದಿನ ಕೊಳವೆಗಳಲ್ಲೂ ಇದೇ ತಪ್ಪು ಮರುಕಳಿಸಿದರೆ ಕೊನೆಗೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಗೊಬ್ಬರ ಕೆಟ್ಟದ್ದಿದ್ದರೂ ಕಾಗದದ ಮೇಲೆ ಪಾಸಾಗಬಹುದು.

ಅಳತೆಯಲ್ಲಿ ಸಣ್ಣ ತಪ್ಪಿದ್ದರೆ? ಒಬ್ಬರ ಕೈ ಯಾವಾಗಲೂ 1 ಮಿಲೀ ಬದಲು 1.05 ತೆಗೆಯುತ್ತದೆ ಅಂದುಕೊಳ್ಳಿ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಶೇ 19ರಷ್ಟು ಜಾಸ್ತಿಯಾಗಿರುತ್ತದೆ. ತಪ್ಪು ಒಂದೇ ದಿಕ್ಕಿಗಿದ್ದರೆ ಚಕ್ರಬಡ್ಡಿಯ ಹಾಗೆಯೇ ಬೆಳೆಯುವುದು. ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ ಆದರೆ ಬಹುಮಟ್ಟಿಗೆ ಹೊಂದಿಕೊಂಡು ಹೋಗುತ್ತದೆ. ಹೀಗಾಗಿ ಕೈ ನಡುಗುವವರಿಗಿಂತ ನನಗೆ ಹೆದರಿಕೆ, ಕ್ಯಾಲಿಬ್ರೇಷನ್ ತಪ್ಪಿದ ಪಿಪೆಟ್ಟನ್ನು ತುಂಬ ನಿಖರವಾಗಿ ಬಳಸುವವರದು.

ಈಗ ಪ್ಲೇಟಿಗೆ ಬರೋಣ. ಇಲ್ಲಿ ಒಂದು ಚೆಂದದ ವಿಷಯವಿದೆ. ರೈಜೋಬಿಯಂಗೆ ಹಾಕುವ ಊಟ ಯೀಸ್ಟ್ ಸಾರ ಮತ್ತು ಸಕ್ಕರೆಯಂಥ ಮ್ಯಾನಿಟಾಲ್. ಅದಕ್ಕೆ ಕಾಂಗೋ ರೆಡ್ ಅನ್ನುವ ಬಣ್ಣ ಬೆರೆಸುತ್ತೇವೆ. ಪ್ಲೇಟು ಕೆಂಪಾಗುತ್ತದೆ. ಹೆಚ್ಚಿನ ಬೇರೆ ಬ್ಯಾಕ್ಟೀರಿಯಾಗಳು ಆ ಬಣ್ಣ ಹೀರಿಕೊಂಡು ಕೆಂಪು ಚುಕ್ಕೆಯಾಗುತ್ತವೆ. ರೈಜೋಬಿಯಂ ಅಷ್ಟಾಗಿ ಹೀರುವುದಿಲ್ಲ. ಕೆಂಪು ನೆಲದ ಮೇಲೆ ಬಿಳಿಯ, ಉಬ್ಬಿದ, ಅಂಟಂಟಾದ ಹನಿಗಳ ಹಾಗೆ ಕೂರುತ್ತದೆ. ಗೊಬ್ಬರದಲ್ಲಿ ಬೆರಕೆ ಇದ್ದರೆ ಹೀಗೆ ಕಣ್ಣಿಗೇ ಬೀಳುತ್ತದೆ. 28–30 ಡಿಗ್ರಿಯಲ್ಲಿ ಇಟ್ಟು ಕಾಯಬೇಕು. ಬೇಗ ಬೆಳೆಯುವ ಜಾತಿಗೆ ಮೂರು ದಿನ ಸಾಕು. ತೊಗರಿಯ ಜೊತೆಗಿರುವವು ಹೆಚ್ಚಾಗಿ ನಿಧಾನದವು. ವಾರವೇ ಬೇಕಾಗಬಹುದು. ಮೂರನೆಯ ದಿನ ಖಾಲಿ ಪ್ಲೇಟು ನೋಡಿ ಫೇಲು ಅಂತ ಬರೆದರೆ ತಯಾರಕರಿಗೆ ಅನ್ಯಾಯ.

ಬೆರಕೆಯ ಬಗ್ಗೆಯೂ ಆದೇಶದಲ್ಲಿ ಒಂದು ಮಾತಿದೆ. ಲಕ್ಷದಲ್ಲೊಂದು ಮಾಡಿದ ಕೊಳವೆಯಲ್ಲಿ ಬೇರೆ ಸೂಕ್ಷ್ಮಜೀವಿ ಕಾಣಬಾರದು. ಹಾಗಂದರೆ ಪೊಟ್ಟಣದಲ್ಲಿ ಬೇರೆ ಯಾವುದೂ ಇರಲೇಬಾರದು ಅಂತಲ್ಲ. ಗ್ರಾಂಗೆ ಕೆಲವು ಸಾವಿರ ಇದ್ದರೂ ಲಕ್ಷ ಪಾಲು ತೆಳು ಮಾಡಿದಾಗ ಅವು ಹೆಚ್ಚುಕಮ್ಮಿ ಮಾಯವಾಗುತ್ತವೆ. ನಮ್ಮದು ಕೋಟಿಯಲ್ಲಿರುವುದರಿಂದ ಉಳಿಯುತ್ತದೆ. ಡೈಲ್ಯೂಷನ್ ಇಲ್ಲಿ ಜರಡಿಯ ಕೆಲಸವನ್ನೂ ಮಾಡುತ್ತಿದೆ. ಈ ನಿಯಮ ಬರೆದವರು ಲ್ಯಾಬಿನಲ್ಲಿ ಕೂತು ಕೆಲಸ ಮಾಡಿದವರೇ ಇರಬೇಕು ಅಂತ ನನ್ನ ಅನುಮಾನ.

ಈಗ ಎಣಿಕೆ. ಲಕ್ಷದಲ್ಲೊಂದು ಕೊಳವೆಯಿಂದ ಮೂರು ಪ್ಲೇಟಿಗೆ ತಲಾ 0.1 ಮಿಲೀ ಹರಡಿದೆವು ಅಂದುಕೊಳ್ಳಿ. ಬಿಳಿ ಚುಕ್ಕೆಗಳು 58, 71, 63. ಸರಾಸರಿ 64. ಹರಡಿದ್ದು ಮಿಲೀಯ ಹತ್ತನೇ ಒಂದು ಭಾಗ, ಹಾಗಾಗಿ ಹತ್ತರಿಂದ ಗುಣಿಸಿ. 640. ತೆಳು ಮಾಡಿದ್ದು ಲಕ್ಷ ಪಾಲು, ಲಕ್ಷದಿಂದ ಗುಣಿಸಿ. ಗ್ರಾಂಗೆ 6.4 ಕೋಟಿ. ಪಾಸು.

ಒಂದೇ ಕೊಳವೆಯಿಂದ ತೆಗೆದರೂ ಮೂರು ಪ್ಲೇಟಿನಲ್ಲಿ ಮೂರು ಸಂಖ್ಯೆ ಯಾಕೆ ಬಂತು? ಯಾರ ತಪ್ಪೂ ಅಲ್ಲ. ದ್ರವದಲ್ಲಿ ಬ್ಯಾಕ್ಟೀರಿಯಾ ಸಮ ದೂರದಲ್ಲಿ ಸಾಲಾಗಿ ನಿಂತಿರುವುದಿಲ್ಲ. ಎಲ್ಲೆಂದರಲ್ಲಿ ತೇಲುತ್ತಿರುತ್ತವೆ. ನಮ್ಮ 0.1 ಮಿಲೀಗೆ ಎಷ್ಟು ಸಿಕ್ಕಿದವು ಅನ್ನುವುದರಲ್ಲಿ ಅದೃಷ್ಟದ ಪಾಲಿದೆ. ಫ್ರೆಂಚ್ ಗಣಿತಜ್ಞ ಪ್ವಾಸೋನ್ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಅದರಿಂದ ಬರುವ ಸುಲಭ ಲೆಕ್ಕ ಒಂದೇ ನೆನಪಿಟ್ಟುಕೊಂಡರೆ ಸಾಕು. ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು ಆಚೀಚೆ ಆಗುವುದು ಸಹಜ. 64 ಎಣಿಸಿದರೆ 8 ಆಚೀಚೆ. ಅಂದರೆ ಶೇ 12ರಷ್ಟು. 9 ಎಣಿಸಿದರೆ 3 ಆಚೀಚೆ. ಅಂದರೆ ಮೂರನೇ ಒಂದು ಪಾಲು! ಅಷ್ಟು ಕಮ್ಮಿ ಚುಕ್ಕೆ ಇರುವ ಪ್ಲೇಟನ್ನು ನಂಬಲಾಗುವುದಿಲ್ಲ. ಹಾಗಂತ ಸಾವಿರ ಚುಕ್ಕೆ ಇದ್ದರೆ ಒಳ್ಳೆಯದಾ? ಅದೂ ಅಲ್ಲ. ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಊಟಕ್ಕೆ ಕಿತ್ತಾಡಿ ಕೆಲವು ಬೆಳೆಯುವುದೇ ಇಲ್ಲ. 30ರಿಂದ 300ರವರೆಗಿನ ಪ್ಲೇಟನ್ನು ಮಾತ್ರ ಎಣಿಸಿ ಅಂತ ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿಸುತ್ತಾರಲ್ಲ, ಅದರ ಹಿಂದಿರುವ ಕಾರಣ ಇದು. ಕೆಲವು ಕಡೆ 25ರಿಂದ 250 ಅಂತಾರೆ.

ಇದೇ ಕಾರಣಕ್ಕೆ ವರದಿಯಲ್ಲಿ 6,41,37,500 ಅಂತೆಲ್ಲ ಬರೆಯುವುದು ಸರಿಯಲ್ಲ. 6.4 ಕೋಟಿ ಸಾಕು. ಬಿಂದುವಿನ ಮುಂದಿರುವ ಆ ನಾಲ್ಕನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಒಂದು ಲ್ಯಾಬಿನಲ್ಲಿ 5.2 ಕೋಟಿ, ಇನ್ನೊಂದರಲ್ಲಿ 4.8 ಕೋಟಿ ಬಂದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ಜಗಳಕ್ಕೆ ನಿಲ್ಲಬೇಡಿ. ಒಂದು ಕಡೆ 5 ಕೋಟಿ, ಇನ್ನೊಂದು ಕಡೆ 5 ಲಕ್ಷ ಬಂದರೆ ಮಾತ್ರ ಖಂಡಿತ ಜಗಳಕ್ಕೆ ನಿಲ್ಲಿ.

ಪ್ಲೇಟಿನ ಖರ್ಚು ಜಾಸ್ತಿ ಅನ್ನುವ ಕಾಲೇಜುಗಳಿಗೆ ಒಂದು ದಾರಿ. 1938ರಲ್ಲಿ ಎ.ಎ. ಮೈಲ್ಸ್ ಮತ್ತು ಎಸ್.ಎಸ್. ಮಿಸ್ರಾ ಒಂದು ವಿಧಾನ ಬರೆದರು. ಒಂದು ಪ್ಲೇಟನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಡೈಲ್ಯೂಷನ್ನಿನ 0.02 ಮಿಲೀ ಹನಿ ಬೀಳಿಸುವುದು. ಹನಿ ಹಿಂಗಿದಲ್ಲೇ ಕಾಲೊನಿಗಳು ಬೆಳೆಯುತ್ತವೆ. ಹಲವು ಪ್ಲೇಟಿನ ಕೆಲಸ ಒಂದರಲ್ಲಿ ಆಗುತ್ತದೆ. ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಮೈಲ್ಸ್-ಮಿಸ್ರಾ ಅಂತಲೇ ಕರೆಯುತ್ತಾರೆ.

ಬೆರಕೆ ವಿಪರೀತ ಇದ್ದರೆ, ಉದಾಹರಣೆಗೆ ಹೊಲದ ಮಣ್ಣಿನಲ್ಲೇ ರೈಜೋಬಿಯಂ ಎಷ್ಟಿದೆ ಅಂತ ನೋಡಬೇಕಾದರೆ, ಪ್ಲೇಟು ಕೈಕೊಡುತ್ತದೆ. ಬೇಡದವು ಬೇಗ ಬೆಳೆದು ಎಲ್ಲ ಮುಚ್ಚಿಬಿಡುತ್ತವೆ. ಆಗ ನಾವು ಗಿಡವನ್ನೇ ಎಣಿಕೆಗೆ ಕೂರಿಸುತ್ತೇವೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾಗುವ ಭಾಗ ಇದು.

ಇದರ ಯೋಚನೆ ಹಳೆಯದು. 1870ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸರ್ಜನ್ ಜೋಸೆಫ್ ಲಿಸ್ಟರ್ ಹುಳಿಯಾದ ಹಾಲಿನ ಹಿಂದೆ ಬಿದ್ದಿದ್ದರು. ಒಂದು ಹನಿಯಲ್ಲಿ ಎಷ್ಟು ಬ್ಯಾಕ್ಟೀರಿಯಾ ಇರಬಹುದು ಅಂತ ಮೈಕ್ರೋಸ್ಕೋಪಿನಲ್ಲಿ ಅಂದಾಜು ಮಾಡಿದರು. ಕುದಿಸಿದ ನೀರಿನಿಂದ ತೆಳು ಮಾಡುತ್ತಾ ಹೋಗಿ, ಹನಿಗೆ ಸರಾಸರಿ ಒಂದೋ ಅದಕ್ಕಿಂತ ಕಮ್ಮಿಯೋ ಬರುವ ಹಾಗೆ ಮಾಡಿದರು. ಆ ಹನಿಗಳನ್ನು ಕುದಿಸಿದ ಹಾಲಿನ ಗ್ಲಾಸುಗಳಿಗೆ ಹಾಕಿದರು. ಕೆಲವು ಹೆಪ್ಪಾದವು, ಕೆಲವು ಆಗಲಿಲ್ಲ. ಹೆಪ್ಪಾದ ಗ್ಲಾಸಿನಲ್ಲಿದ್ದದ್ದು ಒಂದೇ ಬಗೆಯ ಬ್ಯಾಕ್ಟೀರಿಯಾ. ಇವತ್ತು ಅದನ್ನು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಅಂತಾರೆ. ಇಲ್ಲಿ ಗಮನಿಸಬೇಕಾದದ್ದು ಹೆಪ್ಪಾಗದ ಗ್ಲಾಸುಗಳನ್ನು. ಹನಿಗೆ ಸರಾಸರಿ ಒಂದು ಅಂದರೆ ಎಲ್ಲ ಹನಿಯಲ್ಲೂ ಒಂದೊಂದು ಅಂತಲ್ಲ. ನೂರು ಹನಿಯಲ್ಲಿ ಸುಮಾರು 37 ಖಾಲಿ. ಅಂದರೆ ಎಷ್ಟು ಖಾಲಿ ಬಂದವು ಅನ್ನುವುದರಿಂದಲೇ ಮೂಲದಲ್ಲಿ ಎಷ್ಟಿದ್ದವು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. 1915ರಲ್ಲಿ ಮೆಕ್‌ಕ್ರೇಡಿ ಇದಕ್ಕೆ ಕೋಷ್ಟಕ ಮಾಡಿದರು. ಈಗ ಇದನ್ನು ಎಂಪಿಎನ್ (ಮೋಸ್ಟ್ ಪ್ರಾಬಬಲ್ ನಂಬರ್, ಅತಿ ಸಂಭವನೀಯ ಸಂಖ್ಯೆ) ಅನ್ನುತ್ತೇವೆ. ಕುಡಿಯುವ ನೀರಿನ ಪರೀಕ್ಷೆಯಲ್ಲಿ ಕೇಳಿರುತ್ತೀರಿ.

ರೈಜೋಬಿಯಂಗೆ ಮಾಡುವಾಗ ಹಾಲಿನ ಗ್ಲಾಸಿನ ಜಾಗದಲ್ಲಿ ಸಣ್ಣ ದ್ವಿದಳ ಸಸಿ ಇರುತ್ತದೆ. ಕ್ರಿಮಿರಹಿತ ಕೊಳವೆಯಲ್ಲಿ, ಸಾರಜನಕ ಇಲ್ಲದ ಪೋಷಕ ದ್ರವದಲ್ಲಿ ಸಸಿ ಬೆಳೆಸುತ್ತೇವೆ. ಪ್ರತಿ ಡೈಲ್ಯೂಷನ್ನಿಗೆ ನಾಲ್ಕು ಸಸಿ. ಬೇರಿಗೆ 1 ಮಿಲೀ ಹಾಕಿ ಮೂರ್ನಾಲ್ಕು ವಾರ ಕಾಯುವುದು. ಒಂದೇ ಒಂದು ಸರಿಯಾದ ರೈಜೋಬಿಯಂ ಬದುಕಿದ್ದು ಆ ಹನಿಯಲ್ಲಿದ್ದರೂ ಅದು ಬೆಳೆದು ಬೇರಿನಲ್ಲಿ ಗಂಟು ಕಟ್ಟಿಸುತ್ತದೆ. ಇಲ್ಲದಿದ್ದರೆ ಗಂಟಿಲ್ಲ, ಸಸಿ ಹಳದಿ. ದಟ್ಟ ಕೊಳವೆಗಳ ಸಸಿಗಳಲ್ಲೆಲ್ಲ ಗಂಟು, ಮುಂದೆ ನಾಲ್ಕರಲ್ಲಿ ಎರಡಕ್ಕೆ, ಆಮೇಲೆ ಯಾವುದಕ್ಕೂ ಇಲ್ಲ. ಆ ಗಡಿ ಎಲ್ಲಿದೆಯೋ ಅಲ್ಲೇ ನಮ್ಮ ಉತ್ತರ. ಬೇರೆ ಬ್ಯಾಕ್ಟೀರಿಯಾ ಎಷ್ಟಿದ್ದರೂ ಗಿಡ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ಲೇಟಿನಷ್ಟು ನಿಖರವಲ್ಲ, ಅಂದಾಜು ಎರಡು ಮೂರು ಪಟ್ಟು ಆಚೀಚೆ ಆಗಬಹುದು. ಆದರೆ ನಿಮ್ಮ ಕೆಲಸಕ್ಕೆ ಬರುವ ಬ್ಯಾಕ್ಟೀರಿಯಾವನ್ನು ಮಾತ್ರ ಎಣಿಸುತ್ತದೆ. ತಿಂಗಳು ಕಾಯಲು ತಾಳ್ಮೆ ಇದ್ದರೆ ನಾನು ಇದಕ್ಕೇ ಮತ ಹಾಕುತ್ತೇನೆ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರು.

ಒಬ್ಬ ವಿದ್ಯಾರ್ಥಿನಿ ಕೇಳಿದರು: ಒಂದು ಕಾಲೊನಿ ಒಂದೇ ಬ್ಯಾಕ್ಟೀರಿಯಾದಿಂದ ಬಂದದ್ದು ಅಂತ ಖಾತ್ರಿ ಏನು? ಖಾತ್ರಿ ಇಲ್ಲ. ಮೂರು ಕೋಶ ಅಂಟಿಕೊಂಡು ಬಂದು ಕೂತರೂ ಚುಕ್ಕೆ ಒಂದೇ. ಅದಕ್ಕೇ ವರದಿಯಲ್ಲಿ ಕೋಶ ಅನ್ನದೆ ಸಿಎಫ್‌ಯು, ಅಂದರೆ ಕಾಲೊನಿ ಕಟ್ಟುವ ಘಟಕ ಅಂತ ಬರೆಯುತ್ತೇವೆ. ನಿಜವಾದ ಸಂಖ್ಯೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಮಣ್ಣಿನ ವಿಷಯದಲ್ಲಂತೂ ಮೈಕ್ರೋಸ್ಕೋಪಿನಲ್ಲಿ ಕಾಣುವುದರಲ್ಲಿ ಶೇ 1ರಷ್ಟೂ ಪ್ಲೇಟಿನ ಮೇಲೆ ಬೆಳೆಯದೆ ಇರಬಹುದು. ಅವುಗಳ ಊಟ ಏನು ಅಂತಲೇ ನಮಗೆ ಗೊತ್ತಿಲ್ಲ.

ಇನ್ನೊಬ್ಬರು: ಡೈಲ್ಯೂಷನ್ ಮಾಡಿಟ್ಟು ಊಟ ಮಾಡಿ ಬಂದು ಪ್ಲೇಟಿಗೆ ಹಾಕಬಹುದಾ? ಬೇಡ. ಪೆಪ್ಟೋನ್ ನೀರಿನಲ್ಲಿ ಚುರುಕಿನ ಬ್ಯಾಕ್ಟೀರಿಯಾ ಇದ್ದರೆ ಬೆಳೆಯಲು ಶುರು ಮಾಡಬಹುದು. ಬರೀ ಉಪ್ಪು ನೀರಿನಲ್ಲಿ ನಿತ್ರಾಣವಾದವು ಸಾಯಬಹುದು. ಊಟ ಮುಗಿಸಿಕೊಂಡೇ ಶುರು ಮಾಡಿ.

ಮೂರನೆಯದು ರೈತರೊಬ್ಬರದು: ಇದೆಲ್ಲ ನಮ್ಮಿಂದ ಆಗುವುದಲ್ಲ, ಪೊಟ್ಟಣ ಕೆಲಸ ಮಾಡಿತೋ ಇಲ್ಲವೋ ಹೊಲದಲ್ಲೇ ನೋಡುವುದು ಹೇಗೆ? ಬಿತ್ತಿ ಐದಾರು ವಾರವಾದ ಮೇಲೆ ಒಂದು ಗಿಡವನ್ನು ಕಿತ್ತೆಳೆಯಬೇಡಿ, ಗುದ್ದಲಿಯಿಂದ ಸುತ್ತ ಅಗೆದು ಮಣ್ಣಿನ ಸಮೇತ ಎತ್ತಿ. ಎಳೆದರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಬೇರನ್ನು ನೀರಲ್ಲಿ ಅದ್ದಿ ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಅದು ಗಾಳಿಯ ಸಾರಜನಕ ಹಿಡಿಯುತ್ತಿದೆ. ಬಿಳಿಯೋ ಹಸಿರೋ ಇದ್ದರೆ ಇಲ್ಲ. ಆದರೆ ಆ ಗಂಟು ಕಟ್ಟಿದ್ದು ಪೊಟ್ಟಣದ ರೈಜೋಬಿಯಂ ಅಂತ ಹೇಳಲಾಗುವುದಿಲ್ಲ, ನಿಮ್ಮ ಮಣ್ಣಿನದ್ದೇ ಇರಬಹುದು. ಅದಕ್ಕೆ ಮುಂದಿನ ಸಲ ನಾಲ್ಕು ಸಾಲಿಗೆ ಏನೂ ಹಚ್ಚದ ಬೀಜ ಹಾಕಿ. ಆ ಸಾಲುಗಳನ್ನು ಮೊದಲು ಬಿತ್ತಿ ಮುಗಿಸಿ, ಹಚ್ಚಿದ ಬೀಜ ಆಮೇಲೆ ಬಿತ್ತಿ. ಮೊದಲೇ ಹಚ್ಚಿದ್ದನ್ನು ಬಿತ್ತಿದರೆ ಕೂರಿಗೆಯಲ್ಲಿ ಉಳಿದ ಪುಡಿ ಆ ಸಾಲಿಗೂ ಹೋಗಿಬಿಡುತ್ತದೆ.